ಹೊಸ ಕಾರಿನ ಮೇಲೊಂದು ಗೀರು

ಸಿರುಗುಪ್ಪ ಕಡೆಯ ಭಕ್ತ ಕುಟುಂಬವೊಂದು ನಮ್ಮ ಮುಂದಿಟ್ಟ ಪ್ರಶ್ನೆ ಚಿಕ್ಕದಾಗಿ ಕಂಡರೂ ಅನೇಕ ಮನೆಗಳಿಗೆ ಸಂಬಂಧಿಸಿದುದು. ಭತ್ತ ಮಾರಿದ ಹಣಕ್ಕೆ ಬ್ಯಾಂಕಿನ ಸಾಲ ಕೂಡಿಸಿ ಅವರು ಬಳ್ಳಾರಿಯಲ್ಲಿ ಹೊಸ ಕಾರೊಂದಕ್ಕೆ ಹಣ ಕಟ್ಟಿದ್ದಾರೆ. ತರಲು ಹೋದಾಗ ಎಡಬಾಗಿಲ ಮೇಲೆ ಗೀರು, ಹಿಂಬದಿಯಲ್ಲಿ ಬಣ್ಣದ ವ್ಯತ್ಯಾಸ ಕಂಡಿವೆ. ‘ಪಾಲಿಶ್ ಮಾಡಿದರೆ ಹೋಗುತ್ತದೆ, ಒಯ್ಯಿರಿ’ ಎಂದು ಮಾರಾಟಗಾರರ ಮಾತು. ಕುರುಗೋಡಿನ ದೊಡ್ಡಬಸವೇಶ್ವರನ ಸನ್ನಿಧಿಯಲ್ಲಿ ಪೂಜೆಯ ದಿನ ಗೊತ್ತಾಗಿದೆ, ಬೀಗರಿಗೂ ಹೇಳಿಯಾಗಿದೆ. ‘ದೇಹವೇ ನಶ್ವರ, ಕಾರಿನ ಬಣ್ಣಕ್ಕೇಕೆ ಕೊರಗು?’ ಎಂದು ಮನೆಯ ಹಿರಿಯರು ಹೇಳುತ್ತಾರಂತೆ. ಒಯ್ಯಬೇಕೆ, ಬಿಡಬೇಕೆ?

ಹಿರಿಯರ ಮಾತನ್ನು ನಾವು ಗೌರವಿಸುತ್ತೇವೆ. ಆದರೆ ವೈರಾಗ್ಯವೆಂಬುದು ನಮ್ಮ ಆಸೆಗೆ ಹಾಕುವ ಕಡಿವಾಣವೇ ಹೊರತು ಮತ್ತೊಬ್ಬರ ಅಪ್ರಾಮಾಣಿಕತೆಗೆ ಹೊದಿಸುವ ಬಟ್ಟೆಯಲ್ಲ. ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಅಲ್ಲಿಯೇ ಸುರಿದು ಬರಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತಿರುವುದೇ. ಸಲ್ಲದುದನ್ನು ತೆಗೆದುಕೊಳ್ಳಬಾರದು ಎಂಬುದು ಆ ತಾಯಿ ಕಲಿಸಿದ ಪಾಠ. ಕಾಯಕದಿಂದ ಗಳಿಸಿದ ಹಣಕ್ಕೆ ಸಲ್ಲಬೇಕಾದುದನ್ನು ಕೇಳುವುದೂ ಅದೇ ಪಾಠದ ಇನ್ನೊಂದು ಮುಖವೆಂದು ನಾವು ತಿಳಿಯುತ್ತೇವೆ.

ದೋಷದಲ್ಲಿ ಎರಡು ಬಗೆ. ಒಂದು, ಮೇಲ್ಮೈಯದು. ಬಳ್ಳಾರಿಯ ಧೂಳನ್ನು ಒಣಬಟ್ಟೆಯಿಂದ ಒರೆಸಿದರೂ ಸಣ್ಣ ಗೀರು ಬೀಳುತ್ತದೆ. ಪ್ಲಾಸ್ಟಿಕ್ ಬಂಪರಿನ ಬಣ್ಣ ಲೋಹದ ಮೈಬಣ್ಣಕ್ಕಿಂತ ತುಸು ಬೇರೆಯಾಗಿ ಕಾಣುವುದೂ ಉಂಟು. ಇನ್ನೊಂದು, ಒಳಗಿನ ಸಂಗತಿಯನ್ನು ಮುಚ್ಚಿದ ದೋಷ. ಬಾಗಿಲಿನ ರಬ್ಬರಿನ ಮೇಲೆ ಬಣ್ಣದ ಹನಿಗಳಿದ್ದರೆ, ಬಾನೆಟ್ಟಿನ ಬೋಲ್ಟುಗಳ ಮೇಲೆ ಪಾನದ ಗುರುತುಗಳಿದ್ದರೆ, ಪಕ್ಕಪಕ್ಕದ ಲೋಹದ ಭಾಗಗಳ ಬಣ್ಣ ಹಗಲಿನ ಬೆಳಕಿನಲ್ಲಿ ಹೊಂದದಿದ್ದರೆ, ಆ ಕಾರು ಎಲ್ಲೋ ಪೆಟ್ಟು ತಿಂದು ದುರಸ್ತಿಯಾಗಿರಬಹುದು. ಮೊದಲನೆಯದನ್ನು ಸಹಿಸಬಹುದು, ಎರಡನೆಯದನ್ನು ವಿಚಾರಿಸದೆ ಒಪ್ಪಲಾಗದು.

ಇದು ಕೇವಲ ಶಂಕೆಯ ಮಾತಲ್ಲ. 2009ರಲ್ಲಿ ತಯಾರಾಗಿ 600 ಕಿಲೋಮೀಟರಿಗೂ ಹೆಚ್ಚು ಓಡಿದ್ದ ಕಾರನ್ನು 2011ರಲ್ಲಿ ಗೋವಾದ ಗ್ರಾಹಕರೊಬ್ಬರಿಗೆ ಹೊಸದೆಂದು ಕೊಡಲು ಮಾರಾಟಗಾರರು ಮುಂದಾದರು. ಆ ಗ್ರಾಹಕರು ಪರೀಕ್ಷಿಸಿ ನೋಡಿ, ಕಾರನ್ನು ಸ್ವೀಕರಿಸದೆ ಗ್ರಾಹಕ ವೇದಿಕೆಗೆ ಹೋದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಸಾಗಿತು. ಮಾರಾಟಗಾರನ ತಪ್ಪು ತಯಾರಕ ಕಂಪನಿಗೆ ತಿಳಿದಿತ್ತೆಂದು ಸಿದ್ಧವಾಗದೆ ಕಂಪನಿಯನ್ನು ಹೊಣೆ ಮಾಡಲಾಗದೆಂದು 2021ರ ಫೆಬ್ರುವರಿಯಲ್ಲಿ ತೀರ್ಪಾಯಿತು. ಆದುದರಿಂದ ಕಂಪನಿಯ ದೊಡ್ಡ ಹೆಸರನ್ನು ನಂಬಿ ಕಣ್ಣು ಮುಚ್ಚುವುದು ಜಾಣತನವಲ್ಲ. ಉತ್ತರ ಕೊಡಬೇಕಾದವರು ಮೊದಲು ನಮ್ಮೆದುರು ನಿಂತು ಮಾರಿದವರೇ.

ಇನ್ನು ಮಾಡತಕ್ಕ ಕೆಲಸ. ಕಾರಿನ ವಿಮೆ ಮತ್ತು ನೋಂದಣಿ ಆಗುವ ಮುನ್ನವೇ ಹಗಲಿನಲ್ಲಿ ಹೋಗಿ ನೋಡಬೇಕು. ನಮ್ಮ ಹೆಸರಿಗೆ ನೋಂದಣಿಯಾದ ಕಾರನ್ನು ಅವರು ಮತ್ತೊಬ್ಬರಿಗೆ ಹೊಸದೆಂದು ಮಾರಲಾರರು. ಬದಲಿ ಕೊಡಲು ಹಿಂಜರಿಯುವುದು ಅದಕ್ಕೇ. ಚಾಸಿ ಸಂಖ್ಯೆಯನ್ನೂ ತಯಾರಾದ ತಿಂಗಳು ವರ್ಷಗಳನ್ನೂ ಕಾಗದಪತ್ರಗಳೊಡನೆ ತಾಳೆ ನೋಡಬೇಕು. ಟೈರಿನ ಬದಿಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ತಿಳಿಸುತ್ತವೆ. ದೋಷ ಕಂಡರೆ ಫೋಟೋ ತೆಗೆದು, ಸಹಿ ಹಾಕುವ ಮುನ್ನ ಲಿಖಿತವಾಗಿ ತಿಳಿಸಬೇಕು. ‘ದೋಷವಿಲ್ಲದೆ ಪಡೆದಿದ್ದೇನೆ’ ಎಂಬ ಕಾಗದಕ್ಕೆ ಸಹಿ ಹಾಕಿದ ಮೇಲೆ ಆಡುವ ಮಾತಿಗೆ ಬೆಲೆ ಕಡಿಮೆ.

ಮಾತಿನಲ್ಲಿ ಬಗೆಹರಿಯದಿದ್ದರೆ 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಸರೆಯಿದೆ. ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಕೊಡಬಹುದು. 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಆದರೆ ಸಣ್ಣ ಗೀರಿಗಾಗಿ ಇಡೀ ಕಾರನ್ನೇ ಬದಲಿಸುವ ಆದೇಶ ಸುಲಭವಾಗಿ ದೊರೆಯದೆಂಬುದನ್ನೂ ಅರಿತಿರಬೇಕು.

ಆದುದರಿಂದ ಆ ಕುಟುಂಬಕ್ಕೆ ನಾವು ಹೇಳುವುದಿಷ್ಟೆ. ಬಾಗಿಲ ಗೀರನ್ನು ಸರಿಪಡಿಸಿಕೊಡುವುದಾಗಿ ಬರೆಯಿಸಿಕೊಂಡು ಮನ್ನಿಸಿರಿ. ಅದನ್ನೇ ನೆಪಮಾಡಿ ಬೆಲೆ ಇಳಿಸಲು ಹಟ ಹಿಡಿಯುವುದು ಲಕ್ಕಮ್ಮನ ಮಕ್ಕಳಿಗೆ ಒಪ್ಪದು. ಕಾರು ತೊಳೆಯುವ ಬಡ ಹುಡುಗನ ಮೇಲೆ ಹರಿಹಾಯುವುದೂ ಬೇಡ, ಅವನದೂ ಕಾಯಕವೇ. ಹಿಂಬದಿಯ ಬಣ್ಣಕ್ಕೆ ಮಾತ್ರ ಲಿಖಿತ ವಿವರಣೆ ಬರುವವರೆಗೆ ಕಾರನ್ನು ಒಯ್ಯಬೇಡಿರಿ. ವಿವರಣೆ ಸಮಾಧಾನ ತರದಿದ್ದರೆ ಬೇರೆ ಕಾರನ್ನೇ ಕೇಳಿರಿ.

ಪೂಜೆಯ ದಿನ ತಪ್ಪುತ್ತದೆಂಬ ಅಳುಕು ಬೇಡ. ಹೊತ್ತುಗಳಿಗೆಗಳ ಕಟ್ಟಿಗೆ ಶರಣರು ಮಣಿದವರಲ್ಲ. ಕುರುಗೋಡಿನ ಆ ಬೃಹತ್ ಏಕಶಿಲೆಯ ಬಸವಣ್ಣ ಈ ಸೋಮವಾರ ಇದ್ದಂತೆ ಬರುವ ಸೋಮವಾರವೂ ಇರುತ್ತಾನೆ. ಬೀಗರೆದುರು ಒಂದು ದಿನದ ಸಂಕೋಚಕ್ಕೆ ಅಂಜಿ ಹಲವು ವರ್ಷ ಸಾಲದ ಕಂತು ಕಟ್ಟುತ್ತ ಮನದಲ್ಲಿ ನೊಂದುಕೊಳ್ಳುವುದು ಭಕ್ತಿಯೂ ಅಲ್ಲ, ಸಂಸಾರದ ನೀತಿಯೂ ಅಲ್ಲ.