ಸೀಡ್ಸ್ ಪ್ಲಾಟಿನ್ಯಾಗ ಇಲ್ಲದ ನಾಚಿಕಿ ಹೈಸ್ಕೂಲಿನ್ಯಾಗ ಯಾಕ?

ನಮ್ಮ ಇರಕಲ್ಲಗಡ ಹೋಬಳಿಯಿಂದ ಹಿಡಿದು ಆ ಕಡೆ ಕುಷ್ಟಗಿ ತನಕ ಸೀಡ್ಸ್ ಪ್ಲಾಟಿನ ಕೆಲಸ ಗೊತ್ತಿಲ್ಲದ ಮನಿ ಕಡಿಮಿ. ಹತ್ತಿ ಪ್ಲಾಟ್ ಇದ್ರ ಸಂಜಿಮುಂದ, ನಾಳೆ ಅರಳೋ ಮೊಗ್ಗು ಹುಡುಕಿ ಅದರ ಗಂಡು ಭಾಗ ಕಿತ್ತು ತೆಗೀಬೇಕು. ಮುಂಜಾನೆ ಗಂಡು ಸಾಲಿನ ಹೂವು ತಂದು ಪುಡಿ ಹಚ್ಚಬೇಕು. ಕೆಲಸಕ್ಕ ಬಂದ ಸಣ್ಣ ಹುಡುಗಿಗೂ ಮಾಲಕರು ನಿಂತು ಹೇಳಿಕೊಡ್ತಾರ: "ಇದು ಗಂಡು, ಇದು ಹೆಣ್ಣು, ಹಿಂಗ ಮುಟ್ಟಿಸು, ಇಲ್ಲಂದ್ರ ಕಾಯಿ ಕಟ್ಟಂಗಿಲ್ಲ." ಯಾರ ಮುಖದಾಗೂ ನಾಚಿಕಿ ಇರಂಗಿಲ್ಲ. (ಆ ವಯಸ್ಸಿನ ಹುಡುಗಿ ಅಲ್ಲಿ ಇರಬೇಕೋ ಶಾಲ್ಯಾಗ ಇರಬೇಕೋ ಅನ್ನೋದು ಬ್ಯಾರೆ ಜಗಳ, ಅದನ್ನ ಇನ್ನೊಮ್ಮೆ ಬರೀತೀನಿ.) ಮನ್ಯಾಗ ಎಮ್ಮಿ ಬೆದಿಗೆ ಬಂದ್ರ ಇಡೀ ಓಣಿಗೆ ಗೊತ್ತಾಗ್ತೈತಿ, ಸೂಜಿ ಮಾಡಿಸಿದ ತಾರೀಖು ಗ್ವಾಡಿ ಮ್ಯಾಲೆ ಬರದಿಡ್ತೀವಿ.

ಅದ ಹುಡುಗಿಗೆ ಶಾಲಿ ಮೇಡಂ ಒಬ್ಬರು, ಮೈ ಯಾಕ ಬದಲಾಗ್ತೈತಿ, ಮುಟ್ಟು ಅಂದ್ರೇನು, ಯಾರಾದ್ರೂ ಮೈಮುಟ್ಟಿದ್ರ ಏನು ಮಾಡ್ಬೇಕು ಅಂತ ಹೇಳಿದರು. ನಮ್ಮ ಕಡೆಯ ಹೈಸ್ಕೂಲೇ, ಹೆಸರು ಬೇಡ. ಮರುದಿನ ನಾಕು ಮಂದಿ ಗೇಟಿನ ಮುಂದ ನಿಂತರು. "ಏನ್ರೀ, ಹುಡುಗ್ರನ್ನ ಹಾಳ ಮಾಡಾಕ ಕುಂತೀರೇನು?" ಪಾಪ, ಮೇಡಂ ಅವರು ಆ ಪಾಠ ಅಲ್ಲಿಗೇ ನಿಲ್ಲಿಸಿದರು. ಈಗ ಆ ಪೀರಿಯಡ್ಡಿನ್ಯಾಗ ಗಣಿತ ನಡೀತೈತಿ.

ಆ ನಾಕು ಮಂದಿಗೆ, ಅವರ ಬೆನ್ನಿಗೆ ನಿಂತವರಿಗೆ ಈ ಬರಹ. ಸಿಟ್ಟು ಬಂದ್ರ ಬರ್ಲಿ.

ಮೊದಲು ಪಾಠದಾಗ ಏನೈತಿ ನೋಡ್ರಿ. ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು 2020ರ ಫೆಬ್ರುವರಿಯಲ್ಲಿ. ಶಾಲೆಗೆ ಇಬ್ಬರು ಶಿಕ್ಷಕರು ಇದಕ್ಕೆ ತಯಾರಾಗಬೇಕು, ಸಾಧ್ಯವಿದ್ದಲ್ಲಿ ಒಬ್ಬರು ಗಂಡು, ಒಬ್ಬರು ಹೆಣ್ಣು. ವಿಷಯಗಳು 11. ಊಟ, ಸ್ವಚ್ಛತೆ, ಮನಸ್ಸಿನ ಆರೋಗ್ಯ, ಗುಟ್ಕಾ-ಸೆರೆ, ಮೊಬೈಲನ್ನು ಹುಷಾರಾಗಿ ಬಳಸೋದು, ಹೊಡೆತ-ಬಡಿತದಿಂದ ಉಳಿಯೋದು, ಹೆಣ್ಣು-ಗಂಡು ಸಮಾನ ಅನ್ನೋದು, ಇವೆಲ್ಲ ಅದರಾಗ ಅದಾವ. ಸಂತಾನದ ಆರೋಗ್ಯ ಮತ್ತು ಎಚ್‌ಐವಿ ಸೇರಿ ಒಂದು ವಿಷಯ. ಹನ್ನೊಂದರಾಗ ಒಂದು! ನಮ್ಮ ಹಿರಿಯರ ಕಣ್ಣಿಗೆ ಬಿದ್ದದ್ದು ಅದೊಂದ. ಶಾಲಿಯಿಂದ 100 ಗಜದ ಒಳಗ ತಂಬಾಕು ಮಾರಬಾರದು ಅಂತ 2003ರಿಂದ ಕಾಯ್ದೆ ಐತಿ. ಗೇಟಿನ ಪಕ್ಕದ ಅಂಗಡ್ಯಾಗ ಗುಟ್ಕಾ ಸರ ತೂಗಾಡ್ತಿರ್ತಾವ. ಅದರ ಮುಂದ ನಿಂತು ಯಾರೂ ಕೂಗಿದ್ದು ನಾ ಕಂಡಿಲ್ಲ. ಹೋಗಲಿ, ಮೇಡಂ ಅವರನ್ನ ಬೈಯಾಕ ಬಂದವರು ಗುಟ್ಕಾ ಕೊಂಡಿದ್ದು ಅದ ಅಂಗಡ್ಯಾಗ.

ಈ ಗದ್ದಲ ಹೊಸದಲ್ಲ. 2007ರಲ್ಲಿ ಹದಿಹರೆಯದ ಶಿಕ್ಷಣ ಅಂತ ಕೇಂದ್ರದಿಂದ ಬಂದಾಗಲೂ ಹಲವು ರಾಜ್ಯಗಳು ತಡೆ ಹಾಕಿದವು, ಕರ್ನಾಟಕವೂ ಅದರಾಗ ಒಂದು. ಅವತ್ತು ಎಂಟನೇತ್ತೆ ಇದ್ದವರಿಗೆ ಇವತ್ತು ಮೂವತ್ತು ದಾಟೈತಿ. ಅವರ ಮಕ್ಕಳು ಈಗ ಹೈಸ್ಕೂಲ್ ಬಾಗಲಿಗೆ ಬಂದು ನಿಂತಾರ. ತಾಯಿಗೆ ಯಾರೂ ಹೇಳಲಿಲ್ಲ, ತಾಯಿ ಮಗಳಿಗೆ ಹೇಳೋದಾದರೂ ಏನು? "ಮನ್ಯಾಗ ತಾಯಿ ಹೇಳ್ತಾಳ ಬಿಡ್ರಿ, ಶಾಲಿಗೇನು ಕೆಲಸ" ಅನ್ನೋರು ಇದನ್ನ ಸ್ವಲ್ಪ ಯೋಚನೆ ಮಾಡ್ರಿ. ನಮ್ಮ ಎಷ್ಟೋ ಮನ್ಯಾಗ ಹುಡುಗಿ ದೊಡ್ಡಾಕಿ ಆದ ದಿನ ಸೀರಿ ಉಡಿಸಿ ಆರತಿ ಮಾಡ್ತಾರ, ಮೈಕ್ ಹಚ್ಚಿ ಊರಿಗೆಲ್ಲ ಊಟ ಹಾಕ್ತಾರ. ಊರಿಗೆ ಹೇಳೋಕ ನಾಚಿಕಿ ಇಲ್ಲ. ಅದ್ಯಾಕ ಆಗ್ತೈತಿ ಅಂತ ಆ ಹುಡುಗಿಗೆ ಹೇಳೋಕ ಮಾತ್ರ ನಾಚಿಕಿ.

ಈಗ ಒಂದು ಒರಟು ಮಾತು. ಮಣಕಕ್ಕ ಮೈ ತುಂಬೋ ತನಕ ಯಾವ ರೈತನೂ ಹೋರಿ ತೋರಿಸಂಗಿಲ್ಲ. ಮುಂಚೇನ ಗಬ್ಬ ಆದ್ರ ಈಯುವಾಗ ಕಷ್ಟ, ಕರು ಸಣ್ಣದು, ಹಾಲು ಕಡಿಮಿ ಅಂತ ಗೊತ್ತು. ಮಗಳ ಮಾತು ಬಂದ್ರ ಈ ಬುದ್ಧಿ ಎಲ್ಲಿ ಹೋಗ್ತೈತಿ? ದನಕ್ಕೂ ಮಕ್ಕಳಿಗೂ ಹೋಲಿಸಬಾರದು ಅಂತೀರಿ, ಒಪ್ಪಿದೆ. ಕನಿಷ್ಠ ದನದಷ್ಟಾದ್ರೂ ನೋಡ್ರಿ ಅಂತೀನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಾಗ 20ರಿಂದ 24 ವಯಸ್ಸಿನ ಹೆಣ್ಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬೋದರೊಳಗ ಮದುವಿ ಆಗಿತ್ತು. ಐದರಾಗ ಒಬ್ಬಾಕಿ. ಅದರ ಹಿಂದಿನ ಸಮೀಕ್ಷೆಗೂ ಇದಕ್ಕೂ ಹೆಚ್ಚು ಫರಕಿಲ್ಲ. ಬ್ಯಾಸಗಿ ಸೂಟಿ ಮುಗಿಸಿ ಜೂನಿನ್ಯಾಗ ಹಾಜರಿ ಕರೆದಾಗ "ಎಸ್ ಸರ್" ಅನ್ನದ ಹುಡುಗಿಯರು ಎಲ್ಲಿ ಹೋದರು ಅಂತ ನಮಗ್ಯಾರಿಗೂ ಗೊತ್ತಿಲ್ಲ ಅನ್ನಬ್ಯಾಡ್ರಿ. ಊಟಕ್ಕ ಹೋಗಿ ಬಂದೀವಿ.

ಗಂಡುಮಕ್ಕಳ ಪಾಲಕರೂ ಇಲ್ಲಿ ಕೇಳ್ರಿ. ಇದು ಬರೇ ಹುಡುಗಿಯರ ಪಾಠ ಅಂತ ತಿಳದು ಹುಡುಗರನ್ನ ಆಟಕ್ಕ ಹೊರಗ ಬಿಡ್ತಾರ. ರಾಜ್ಯದ ತಿದ್ದುಪಡಿ ಆದ ಮ್ಯಾಲೆ ಕರ್ನಾಟಕದಾಗ ಬಾಲ್ಯವಿವಾಹ ಮದುವಿನ ಅಲ್ಲ, ಕಾನೂನಿನ ಮುಂದ ಅದು ಅಸಿಂಧು. ಹೆಂಡತಿ ಅಂದ್ರೂ 18 ತುಂಬದಿದ್ದರ ಅದು ಅತ್ಯಾಚಾರ ಅಂತ ಸುಪ್ರೀಂ ಕೋರ್ಟ್ 2017ರ ಅಕ್ಟೋಬರಿನಲ್ಲಿ ಹೇಳೈತಿ. 17ರ ಹುಡುಗಿ ಹೆರಿಗೆಗೆ ಬಂದ್ರ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ಪೋಕ್ಸೊ ಕೇಸು ಬೀಳ್ತೈತಿ. ಆಮ್ಯಾಲೆ ಹೊಲ ಒತ್ತಿ ಇಟ್ಟು ವಕೀಲರ ಹಿಂದ ಓಡಾಡೋರು ಯಾರು? ಇಪ್ಪತ್ತೆರಡರ ಹುಡುಗನಿಗೆ ಈ ಒಂದು ಮಾತು ಒಂಬತ್ತನೇತ್ತೇನ ಕಿವಿಗೆ ಬಿದ್ದಿದ್ರ ಸಾಕಿತ್ತು.

ಶೇಂಗಾ ಎಲಿ ಬಿಳಚಿದ್ರ ನಾವು ಏನು ಮಾಡ್ತೀವಿ? ಕಬ್ಬಿಣ ಕಡಿಮಿ ಅಂತ ಫೆರಸ್ ಸಲ್ಫೇಟ್ ತಂದು ಹೊಡಿತೀವಿ. ಮಗಳ ಕಣ್ಣಿನ ಒಳರೆಪ್ಪಿ ಬಿಳಚಿದ್ರ? ರಾಜ್ಯದಾಗ 15ರಿಂದ 49 ವಯಸ್ಸಿನ ಹೆಣ್ಮಕ್ಕಳಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಶಾಲ್ಯಾಗ ವಾರಕ್ಕೊಂದು ನೀಲಿ ಗುಳಿಗಿ ಕೊಡ್ತಾರ, ಅದರಾಗ ಇರೋದು ಅದ ಕಬ್ಬಿಣ, 60 ಮಿಲಿಗ್ರಾಂ. ಬಾಲ್ಕನಿ ಕಡೆ, ಕಿಟಕಿ ಹೊರಗ ನೋಡ್ರಿ, ಅರ್ಧ ಅಲ್ಲೇ ಬಿದ್ದಿರ್ತಾವ. ಯಾಕಂದ್ರ ಖಾಲಿ ಹೊಟ್ಟಿಲೆ ತಗೊಂಡ್ರ ಹೊಟ್ಟಿ ತೊಳಸ್ತೈತಿ, ಸಂಡಾಸ ಕಪ್ಪಗಾಗ್ತೈತಿ, ಹುಡುಗ್ರು ಹೆದರ್ತಾರ. ಮ್ಯಾಲೆ "ಮುಂದ ಮಕ್ಕಳಾಗಂಗಿಲ್ಲ" ಅಂತ ಒಂದು ಗಾಳಿಸುದ್ದಿ. ಊಟ ಆದ ಮ್ಯಾಲೆ ತಗೋರಿ, ಆಗಿಂದಾಗ ಚಾ ಕುಡಿಬ್ಯಾಡ್ರಿ, ಕಪ್ಪಗಾದ್ರ ಗಾಬರಿ ಬೇಡ. ಇಷ್ಟು ಹೇಳಾಕ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದ ಹೆಸರೇ ಆರೋಗ್ಯ ಶಿಕ್ಷಣ.

ಇನ್ನ ಪ್ಯಾಡು. 'ಶುಚಿ' ಯೋಜನೆ ಕೆಲವು ವರ್ಷ ನಿಂತು 2024ರಲ್ಲಿ ಮತ್ತ ಶುರು ಆಯ್ತು. ನಿಂತಿದ್ದಾಗ ನಮ್ಮೂರ ಕಟ್ಟಿಮ್ಯಾಲೆ ಒಬ್ಬರಾದ್ರೂ ಅದರ ಮಾತು ತೆಗೆದರೇನು? ಯೂರಿಯಾ ಒಂದು ವಾರ ತಡ ಆದ್ರ ರಸ್ತಾ ತಡೀತೀವಿ.

ನನಗ ಎಲ್ಲಕ್ಕಿಂತ ಹೆದರಿಕಿ ಇರೋದು ಎಣ್ಣಿ ಡಬ್ಬಿದು. ಆಯ್ತವಾರ ಬಂದ್ರ ಒಂಬತ್ತನೇತ್ತೆ ಹುಡುಗ್ರು ಬೆನ್ನಿಗೆ ಪಂಪು ಕಟ್ಕೊಂಡು, ಬರಿಗೈಲೆ ಎಣ್ಣಿ ಕಲಸಿ, ಅದ ಕೈಲೆ ರೊಟ್ಟಿ ಮುರಿತಾರ. ಡಬ್ಬಿ ಮ್ಯಾಲಿನ ಚೌಕದಾಗ ಕೆಂಪು ಅಂದ್ರ ಎಲ್ಲಕ್ಕಿಂತ ಘೋರ ವಿಷ, ಆಮ್ಯಾಲೆ ಹಳದಿ, ನೀಲಿ, ಕಡೀಕ ಹಸಿರು. ಇದನ್ನ ಓದೋಕ ಬರೋ ಹತ್ತನೇತ್ತೆ ಹುಡುಗನನ್ನ ನನಗ ತೋರಿಸ್ರಿ. ಅದ ಡಬ್ಬಿ ಪರೀಕ್ಷಿ ಫಲಿತಾಂಶದ ದಿನ ಮನಿ ಮೂಲ್ಯಾಗ ಕುಂತಿರ್ತೈತಿ. ಫೇಲಾದ್ರ ಎಸ್ಸೆಸ್ಸೆಲ್ಸಿಗೆ ಅದ ವರ್ಷ ಪರೀಕ್ಷೆ-2 ಐತಿ ಅನ್ನೋದು, ಮನಸ್ಸು ಕೆಟ್ಟಾಗ 14416ಕ್ಕ ಫೋನ್ ಮಾಡಿದ್ರ ಟೆಲಿ-ಮಾನಸ್‌ನವರು ಕನ್ನಡದಾಗ ಮಾತಾಡ್ತಾರ ಅನ್ನೋದು, ಆಪತ್ತಿನ್ಯಾಗ ಮಕ್ಕಳ ಸಹಾಯವಾಣಿ 1098 ಅನ್ನೋದು ಹುಡುಗ್ರಿಗೆ ಬಾಯಿಪಾಠ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಜೀವನ ಕೌಶಲ ಅಂತ ಹತ್ತು ಪಟ್ಟಿ ಮಾಡೈತಿ. ಸಿಟ್ಟು-ದುಃಖ ತಡಕೊಳ್ಳೋದು, ಯೋಚಿಸಿ ನಿರ್ಧಾರ ಮಾಡೋದು, ಎದುರಿಗಿದ್ದವರಿಗೆ ತಿಳಿಯೋಹಂಗ ಮಾತಾಡೋದು ಅದರಾಗ ಅದಾವ. ದಲಾಲಿ ಅಂಗಡಿ ಮುಂದ ಬಾಯಿ ಬಿಡದ ನಿಂತು ಬಂದ ರೈತರಿಗೆ ಅದರ ಬೆಲಿ ನಾ ಹೇಳಬೇಕೇನು? ಡಬ್ಬಿ ಮಾತ್ರ ಇವತ್ತ ಕೀಲಿ ಹಾಕಿಡ್ರಿ, ಪಾಠಕ್ಕ ಕಾಯಬ್ಯಾಡ್ರಿ.

ಶಾಲಿಯವರದೂ ತಪ್ಪಿಲ್ಲ ಅನ್ನಂಗಿಲ್ಲ. ಪರೀಕ್ಷಿಗೆ ವೆಬ್‌ಕಾಸ್ಟಿಂಗ್ ಬಂದ ಮ್ಯಾಲೆ ಫಲಿತಾಂಶದ ಭಯ ಹೆಚ್ಚಾಗೈತಿ, ಗುರುಗಳ ಸಂಕಟ ತಿಳಿತೈತಿ. ಆದ್ರ ರಕ್ತ ಇಲ್ಲದ, ತಿಂಗಳಿಗೆ ಮೂರು ದಿನ ಮನ್ಯಾಗ ಉಳಿಯೋ ಹುಡುಗಿಗೆ ಹೆಚ್ಚಿನ ಗಣಿತ ಪೀರಿಯಡ್ ಕೊಟ್ಟು ಏನು ಮಾಡ್ತೀರಿ? ನಮ್ಮ ಜಿಲ್ಲೆಯಲ್ಲೇ ಕೆಎಚ್‌ಪಿಟಿ ಸಂಸ್ಥೆಯವರು 'ಸ್ಫೂರ್ತಿ' ಅಂತ ಕಾರ್ಯಕ್ರಮ ನಡೆಸಿ, ಹಳ್ಳಿ ಹುಡುಗಿಯರನ್ನೇ ಉಳಿದ ಹುಡುಗಿಯರಿಗೆ ಮಾದರಿ ಆಗೋಹಂಗ ತಯಾರು ಮಾಡಿದ್ರು. ಊರು ಮುಳುಗಲಿಲ್ಲ.

ಮುಂದಿನ ಪಾಲಕರ ಸಭಾದಾಗ ಎಸ್‌ಡಿಎಂಸಿ ಮುಂದ ನಾ ಮೂರು ಪ್ರಶ್ನೆ ಇಡಾವ. ತರಬೇತಿ ಆದ ಆ ಇಬ್ಬರು ಶಿಕ್ಷಕರು ಯಾರು? ವೇಳಾಪಟ್ಟಿಯಲ್ಲಿ ಅವರ ಪೀರಿಯಡ್ ಯಾವ ದಿನ? ಪಿಎಚ್‌ಸಿಯವರನ್ನ ಕಡೀ ಸಲ ಯಾವಾಗ ಕರೆಸಿದ್ರಿ? ಮೇಡಂ ಅವರ ಮ್ಯಾಲೆ ಕೂಗಾಡಿದವರೂ ಬರ್ರಿ, ಅಲ್ಲೇ ಕುಂತು ಪಾಠ ಕೇಳ್ರಿ. ಒಬ್ಬನ ಹೋದ್ರ ತಲಿಕೆಟ್ಟವ ಅಂತಾರ, ಹತ್ತು ಮಂದಿ ಹೋದ್ರ ಕುರ್ಚಿ ಹಾಕ್ತಾರ. ಬರೋರು ಮುಂಜಾನೆ ಎಂಟರೊಳಗ ಫೋನ್ ಮಾಡ್ರಿ, ಆಮ್ಯಾಲೆ ನಮ್ಮ ಹೊಲದಾಗ ನೆಟ್‌ವರ್ಕ್ ಸಿಗಂಗಿಲ್ಲ.