ಹಳೆಯ ರಹದಾರಿಯ ಋಣ

ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದೊಡನೆ ಹಳೆಯದರ ಬೆಲೆ ತೀರಿತು. ಹೊಸ ರಹದಾರಿ, ಎಂದರೆ ಪಾಸ್‌ಪೋರ್ಟು, ಕೈಸೇರಿದಾಗಲೂ ನಮ್ಮ ಸಂಸಾರಗಳಲ್ಲಿ ಇದೇ ನ್ಯಾಯ ನಡೆಯುವುದುಂಟು. ಮೂಲೆ ಕತ್ತರಿಸಿಕೊಂಡು, ರದ್ದಾದ ಮೊಹರು ಹೊತ್ತು ಹಿಂದಿರುಗಿದ ಪುಸ್ತಕವನ್ನು ಯಾರು ತಾನೆ ಜೋಪಾನ ಮಾಡಿಯಾರು? ಆದರೆ ಪರದೇಶದಲ್ಲಿ ನೆಲೆಸಿದವರ ಮಟ್ಟಿಗೆ ಈ ಉದಾಸೀನ ಸಲ್ಲದು. ರದ್ದಾದದ್ದು ಪುಸ್ತಕವಷ್ಟೆ, ಅದರೊಳಗಿನ ವೀಸಾ ಅನೇಕ ವೇಳೆ ಇನ್ನೂ ಜೀವಂತವಾಗಿಯೇ ಇರುತ್ತದೆ.

ಇದು ಹೇಗೆಂದು ಕೇಳಬಹುದು. ರಹದಾರಿಯನ್ನು ಕೊಡುವುದು ನಮ್ಮ ಸರಕಾರ. ವಾಸಕ್ಕೆ ಅನುಮತಿ ಕೊಡುವುದು ಪರರಾಷ್ಟ್ರದ ಸರಕಾರ. ಒಂದರ ಅವಧಿಗೂ ಇನ್ನೊಂದರ ಅವಧಿಗೂ ಸಂಬಂಧವಿಲ್ಲ. ನಮ್ಮಲ್ಲಿ ವಯಸ್ಕರ ರಹದಾರಿಗೆ 10 ವರ್ಷಗಳ ಆಯುಸ್ಸು; ಮಕ್ಕಳದಕ್ಕೆ 5 ವರ್ಷ, ಇಲ್ಲವೆ 18 ತುಂಬುವ ತನಕ, ಯಾವುದು ಮೊದಲೋ ಅದು. ಪ್ರತಿ ಸಲವೂ ಹೊಸ ಪುಸ್ತಕಕ್ಕೆ ಹೊಸ ಸಂಖ್ಯೆ. ಅನುಮತಿಯನ್ನು ಕೊಟ್ಟದ್ದು ಮನುಷ್ಯನಿಗೇ ಆದರೂ ಕಡತದಲ್ಲಿ ಅದು ನಿಂತಿರುವುದು ಹಳೆಯ ಸಂಖ್ಯೆಯ ಮೇಲೆ. ಈ ಎರಡು ಸಂಖ್ಯೆಗಳನ್ನು ಜೋಡಿಸುವ ಭಾರ ಪ್ರಯಾಣಿಕನದೇ ಹೊರತು ಸರಕಾರಗಳದ್ದಲ್ಲ.

ಜೋಡಿಸುವ ಕ್ರಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ್ದು ಎಲ್ಲಕ್ಕಿಂತ ಸರಳ. ಅವಧಿ ಮುಗಿಯದ ವೀಸಾ ಹಳೆಯ ಪುಸ್ತಕದಲ್ಲಿದ್ದರೆ ಅದನ್ನು ಹೊಸದಕ್ಕೆ ವರ್ಗಾಯಿಸಬೇಕಾಗಿಲ್ಲ. ಎರಡು ಪುಸ್ತಕಗಳನ್ನೂ ಜೊತೆಯಲ್ಲಿ ಒಯ್ದು ತೋರಿಸಿದರೆ ಸಾಕು. ಎರಡೂ ಒಂದೇ ದೇಶದ, ಒಂದೇ ಬಗೆಯ ರಹದಾರಿಗಳಾಗಿರಬೇಕು, ವೀಸಾ ಹರಿದಿರಬಾರದು. ಹಳೆಯ ಪುಟದಿಂದ ವೀಸಾವನ್ನು ಬಿಡಿಸಿ ಹೊಸ ಪುಟಕ್ಕೆ ತಾವೇ ಅಂಟಿಸುವ ಜಾಣತನವನ್ನು ಯಾರೂ ತೋರಬಾರದು. ಕಿತ್ತ ವೀಸಾ ಆ ಕ್ಷಣಕ್ಕೇ ನಿರುಪಯುಕ್ತ.

ನಮ್ಮ ಕರಾವಳಿಯ ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳಿಗೆ ಅನ್ನದ ದಾರಿಯಾಗಿರುವ ಕೊಲ್ಲಿ ರಾಷ್ಟ್ರಗಳ ಕ್ರಮ ಬೇರೆ. ಸಂಯುಕ್ತ ಅರಬ್ ಎಮಿರೇಟುಗಳಲ್ಲಿ ಹಿಂದೆ ನಿವಾಸದ ವೀಸಾವನ್ನು ರಹದಾರಿಯ ಪುಟಕ್ಕೆ ಅಂಟಿಸಿ ಕೊಡುತ್ತಿದ್ದರು. ಪುಸ್ತಕ ಬದಲಾದರೆ ವೀಸಾವನ್ನೂ ಹೊಸದಕ್ಕೆ ವರ್ಗಾಯಿಸಿಕೊಳ್ಳಬೇಕಿತ್ತು. 2022ರಲ್ಲಿ ಆ ಚೀಟಿಯೇ ನಿಂತುಹೋಯಿತು. ಎಮಿರೇಟ್ಸ್ ಗುರುತಿನ ಚೀಟಿಯೇ ಈಗ ನಿವಾಸಕ್ಕೆ ಸಾಕ್ಷಿ. ಅಂಟಿಸುವುದು ನಿಂತಿತೆಂದು ಕೆಲಸವೂ ನಿಂತಿತೆಂದು ಭಾವಿಸಬಾರದು. ಹೊಸ ರಹದಾರಿಯ ಸಂಖ್ಯೆಯನ್ನು ಅಲ್ಲಿನ ನಿವಾಸ ಇಲಾಖೆಯ ದಾಖಲೆಗೆ ಸೇರಿಸಲೇಬೇಕು. ಸೌದಿ ಅರೇಬಿಯದಲ್ಲಿ ಈ ಕಾರ್ಯಕ್ಕೆ ‘ನಖಲ್ ಮಾಲೂಮಾತ್’, ಎಂದರೆ ವಿವರಗಳ ವರ್ಗಾವಣೆ, ಎಂದೇ ಹೆಸರು. ನೌಕರನ ವಿವರವನ್ನು ಅವನಿಗೆ ಕೆಲಸ ಕೊಟ್ಟ ಸಂಸ್ಥೆ ವರ್ಗಾಯಿಸುತ್ತದೆ. ಹೆಂಡತಿ ಮಕ್ಕಳದನ್ನು ಮನೆಯ ಯಜಮಾನ ‘ಅಬ್ಶೆರ್’ ಎಂಬ ಸರಕಾರಿ ಗಣಕ ವ್ಯವಸ್ಥೆಯಲ್ಲಿ ಮಾಡಿಕೊಳ್ಳಬಹುದು.

ಬ್ರಿಟನ್ನಿನಲ್ಲಿಯೂ ಕಾಗದದ ಕಾಲ ಮುಗಿಯುತ್ತ ಬಂದಿದೆ. ಅಲ್ಲಿ ನಿವಾಸಿಗಳಿಗೆ ಕೊಟ್ಟಿದ್ದ ಬಯೊಮೆಟ್ರಿಕ್ ಕಾರ್ಡುಗಳ ಪೈಕಿ ಬಹುಪಾಲಿನ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಆ ಸ್ಥಾನಕ್ಕೆ ಗಣಕದೊಳಗಿನ ಇ-ವೀಸಾ ಬಂದಿದೆ. ಕೈಯಲ್ಲಿ ಹಿಡಿದು ತೋರಿಸಲು ಏನೂ ಇಲ್ಲದಿರುವ ಈ ಪದ್ಧತಿಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಹೊಸ ರಹದಾರಿಯನ್ನು ತಮ್ಮ ಖಾತೆಗೆ ಜೋಡಿಸದೆ ಹೊರಟರೆ ವಿಮಾನ ಸಂಸ್ಥೆಯವರ ಕಣ್ಣಿಗೆ ಅನುಮತಿಯೇ ಕಾಣದೆ ಹೋಗಬಹುದು.

ಇನ್ನು, ಪರದೇಶದ ಪೌರತ್ವ ಪಡೆದವರಿಗೆ ನಮ್ಮ ಸರಕಾರ ಕೊಡುವ ಓ.ಸಿ.ಐ. ಕಾರ್ಡು. ಇದರ ನಿಯಮವನ್ನು 2021ರಲ್ಲಿ ಸಡಿಲಿಸಲಾಯಿತು. 20 ವರ್ಷ ತುಂಬುವ ಮೊದಲೇ ಕಾರ್ಡು ಪಡೆದವರು, 20 ದಾಟಿ ಹೊಸ ರಹದಾರಿ ಪಡೆದಾಗ ಒಮ್ಮೆ ಕಾರ್ಡನ್ನು ಬದಲಿಸಿಕೊಂಡರೆ ಸಾಕು. 20ರ ಒಳಗೆ ಪ್ರತಿ ಸಲ, 50 ತುಂಬಿದ ಮೇಲೆ ಒಂದು ಸಲ, ಹೊಸ ರಹದಾರಿಯ ಪ್ರತಿಯನ್ನೂ ಭಾವಚಿತ್ರವನ್ನೂ ಕಳುಹಿಸಬೇಕು. ಅಜ್ಜ ಅಜ್ಜಿಯರನ್ನು ನೋಡಲು ಬರುವ ಮೊಮ್ಮಕ್ಕಳಿದ್ದ ಮನೆಯವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ತೊಡಕು ಹೆಚ್ಚಾಗಿ ಹುಟ್ಟುವುದು ಎರಡು ಕಡೆ. ಮೊದಲನೆಯದು ಹೆಸರು. ಊರು, ತಂದೆ ಇವುಗಳ ಮೊದಲಕ್ಷರಗಳನ್ನು ಹೆಸರಿನ ಮುಂದಿಡುವುದು ನಮ್ಮ ರೂಢಿ. ರಹದಾರಿ ಹೊಸದಾಗುವಾಗ ಇವನ್ನು ಬಿಡಿಸಿ ಪೂರ್ತಿಯಾಗಿ ಬರೆಯಿಸೋಣವೆಂಬ ಆಸೆ ಸಹಜ. ಆದರೆ ವೀಸಾದಲ್ಲಿ ಒಂದು ಹೆಸರು, ರಹದಾರಿಯಲ್ಲಿ ಇನ್ನೊಂದು ಎಂದಾದರೆ ಎರಡೂ ಒಬ್ಬರವೇ ಎಂದು ಸಾಧಿಸುವ ಹೊಣೆ ತಮ್ಮ ಮೇಲೆ ಬೀಳುತ್ತದೆ. ಹೆಸರನ್ನು ತಿದ್ದಿಸಲೇಬೇಕಾದರೆ ವೀಸಾದ ದಾಖಲೆಯನ್ನೂ ತಿದ್ದಿಸಿಕೊಂಡ ಬಳಿಕವೇ ಹೊರಡಬೇಕು.

ಎರಡನೆಯದು ಮಕ್ಕಳ ರಹದಾರಿ. ತಂದೆತಾಯಿಯರ ಪುಸ್ತಕ ಒಮ್ಮೆ ಬದಲಾಗುವಷ್ಟರಲ್ಲಿ ಮಗುವಿನದು ಎರಡು ಸಲ ಬದಲಾಗಿರುತ್ತದೆ. ತಮ್ಮ ಕಾಗದಗಳನ್ನು ಹತ್ತು ಸಲ ನೋಡಿಕೊಳ್ಳುವವರು ಮಗುವಿನದನ್ನು ಮರೆಯುತ್ತಾರೆ. ರಜೆಗೆ ಊರಿಗೆ ಬಂದಾಗ ಮಗುವಿನ ರಹದಾರಿ ಬದಲಿಸಿಕೊಂಡು, ನಡುರಾತ್ರಿಯ ವಿಮಾನಕ್ಕೆ ಬಜಪೆಗೆ ಹೋದ ತಾಯಿಗೆ, ಹಳೆಯ ಪುಸ್ತಕ ಮನೆಯ ಕಪಾಟಿನಲ್ಲೇ ಉಳಿಯಿತೆಂಬುದು ಅಲ್ಲಿ ತಿಳಿದುಬಂದರೆ ಗತಿಯೇನು? ಆಕೆಗೆ ಹೋಗಲು ಅನುಮತಿಯುಂಟು, ಮಗುವಿಗಿಲ್ಲ. ಹೋಗಿ ಸೇರಬೇಕಾದ ಅವಸರವೂ ಸಣ್ಣದಲ್ಲ. ಎಮಿರೇಟುಗಳ ಸಾಮಾನ್ಯ ನಿವಾಸ ವೀಸಾ ಪಡೆದವರು 6 ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ಆ ವೀಸಾಕ್ಕೇ ಚ್ಯುತಿ ಬರುತ್ತದೆ.

ಆದುದರಿಂದ ಅವಧಿ ಮುಗಿಯುವ ದಿನದವರೆಗೆ ಕಾಯದಿರುವುದೇ ಜಾಣತನ. ಕೊನೆಯ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಹೊಸ ರಹದಾರಿಗೆ ಅರ್ಜಿ ಹಾಕಲು ನಮ್ಮಲ್ಲಿ ಅವಕಾಶವಿದೆ. ಸಾಧ್ಯವಾದರೆ ವಾಸವಿರುವ ದೇಶದಲ್ಲಿಯೇ ಭಾರತದ ರಾಯಭಾರ ಕಚೇರಿಯ ಮೂಲಕ ಅದನ್ನು ಪಡೆದು, ಅಲ್ಲಿಯೇ ವಿವರಗಳನ್ನು ವರ್ಗಾಯಿಸಿಕೊಂಡು, ಅನಂತರ ಊರಿನ ಪ್ರಯಾಣವನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಇಲ್ಲಿಯೇ ಪಡೆಯಬೇಕಾಗಿ ಬಂದರೆ ಹಿಂದಿರುಗುವಾಗ ಹಳೆಯ, ಹೊಸ ಪುಸ್ತಕಗಳೆರಡನ್ನೂ ಒಂದೇ ಚೀಲದಲ್ಲಿಡಿರಿ. ವೀಸಾದ ಅವಧಿ ತೀರಿದ ಮೇಲೂ ಹಳೆಯದನ್ನು ಎಸೆಯಬೇಡಿರಿ. ಯಾವ ದೇಶದಲ್ಲಿ ಎಷ್ಟು ದಿನ ಇದ್ದಿರೆಂದು ಮುಂದೊಂದು ದಿನ ಯಾರಾದರೂ ಕೇಳಿದಾಗ, ಉತ್ತರ ಹೇಳುವುದು ಮೂಲೆ ಕತ್ತರಿಸಿದ ಆ ಪುಸ್ತಕದೊಳಗಿನ ಮುದ್ರೆಗಳೇ.