ಯುವಜನರಲ್ಲಿ ಕ್ಯೂಆರ್ ಸಂಕೇತದ ಪಾವತಿ: ಕಾರಣಗಳ ವಿಶ್ಲೇಷಣೆ

ಸೇವಾ ಶುಲ್ಕ ಪಾವತಿಸಲು ಬರುವ ಯುವ ಅರ್ಜಿದಾರರಲ್ಲಿ ಅನೇಕರು ಈಗ ನಗದನ್ನು ತರುವುದೇ ಇಲ್ಲ. ಇದಕ್ಕೆ ಹೊಸತನದ ಮೋಹವೇ ಕಾರಣವೆಂದು ಹೇಳುವುದು ವಾಡಿಕೆ. ವಾಸ್ತವವಾಗಿ, ಈ ರೂಢಿಯು ಬೇರೂರಿರುವುದು ಖರ್ಚಿಲ್ಲದಿರುವಿಕೆಯಲ್ಲಿ ಮತ್ತು ಚಿಲ್ಲರೆಯ ತೊಂದರೆ ತಪ್ಪಿದುದರಲ್ಲಿ.

ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲ್‌ನಲ್ಲಿ ಯುಪಿಐ ವ್ಯವಸ್ಥೆಯನ್ನು ಪರಿಚಯಿಸಿತು. ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿಯು ಜನರನ್ನು ಅನಿವಾರ್ಯವಾಗಿ ಡಿಜಿಟಲ್ ಪಾವತಿಯತ್ತ ತಳ್ಳಿತು. ಆದರೆ ಸಣ್ಣ ಅಂಗಡಿಗಳಲ್ಲಿ ಸಂಕೇತವು ನೆಲೆಯೂರಲು ನಂತರದ ಎರಡು ನಿರ್ಧಾರಗಳು ಹೆಚ್ಚು ನೆರವಾದವು. 2020ರ ಜನವರಿ 1ರಿಂದ, ಬ್ಯಾಂಕ್ ಖಾತೆಯಿಂದ ನೇರವಾಗಿ ಆಗುವ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವುದು ನಿಂತಿತು. ಒಂದು ಸಂಸ್ಥೆಯ ಸಂಕೇತವು ಇತರ ಸಂಸ್ಥೆಗಳ ಆ್ಯಪ್‌ಗಳಿಗೂ ತೆರೆದಿರಬೇಕೆಂದು 2020ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿತು.

ಬಸ್ಸಿನಲ್ಲಿ ಟಿಕೇಟಿನ ಹಿಂಬದಿಗೆ ಬಾಕಿ ಬರೆಸಿಕೊಂಡು, ಇಳಿಯುವ ಅವಸರದಲ್ಲಿ ನಿರ್ವಾಹಕರನ್ನು ಹುಡುಕುವ ಕಷ್ಟವನ್ನು ಅರಿಯದ ಪ್ರಯಾಣಿಕರು ವಿರಳ. ಅಂಗಡಿಯಲ್ಲಿ ಚಿಲ್ಲರೆಗೆ ಬದಲು ಚಾಕೊಲೇಟ್ ಪಡೆದವರೂ ಕಡಿಮೆಯಿಲ್ಲ. ಹತ್ತು ರೂಪಾಯಿಯ ಚಹಾಕ್ಕೆ ಹತ್ತೇ ರೂಪಾಯಿ ಸಲ್ಲಿಸುವ ಅನುಕೂಲವು, ಅಳೆದು ಖರ್ಚು ಮಾಡಬೇಕಾದ ವಿದ್ಯಾರ್ಥಿಗಳಿಗೆ ಮತ್ತು ಹೊಸದಾಗಿ ಉದ್ಯೋಗಕ್ಕೆ ಸೇರಿದವರಿಗೆ ಅಲ್ಪವಾದುದಲ್ಲ. ಊರಿನಿಂದ ಪೋಷಕರು ಕಳುಹಿಸಿದ ಹಣ ಕ್ಷಣದಲ್ಲಿ ತಲುಪುತ್ತದೆ. ಗೆಳೆಯರ ನಡುವೆ ಹೋಟೆಲ್ ಬಿಲ್ಲಿನ ಪಾಲು ಮೇಜಿನ ಮುಂದೆಯೇ ಇತ್ಯರ್ಥವಾಗುತ್ತದೆ. ಆರಂಭದಲ್ಲಿ ಬಹುಮಾನದ ಆಮಿಷವಿದ್ದುದು ನಿಜ; ಬಹುಮಾನಗಳು ಕ್ಷೀಣಿಸಿದ ಬಳಿಕವೂ ರೂಢಿಯು ಉಳಿದಿದೆ.

ಈ ರೂಢಿಯು ಪಾವತಿಸುವವರ ಇಚ್ಛೆಯೊಂದನ್ನೇ ಅವಲಂಬಿಸಿಲ್ಲವೆಂಬುದು 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸ್ಪಷ್ಟವಾಯಿತು. ಯುಪಿಐ ಜಮೆಯ ಮಾಹಿತಿಯನ್ನು ಆಧರಿಸಿ ವಾಣಿಜ್ಯ ತೆರಿಗೆಗಳ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ, ಹಲವು ಅಂಗಡಿಗಳಲ್ಲಿ ಸಂಕೇತದ ಫಲಕವಿದ್ದ ಸ್ಥಳದಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಕಾಣಿಸಿತು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಪ್ರಕಟಿಸಿದರು. ಜಿಎಸ್‌ಟಿ ನೋಂದಣಿಯ ವಾರ್ಷಿಕ ವಹಿವಾಟಿನ ಮಿತಿಯು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ. ಹಣವು ನಗದಾಗಿ ಬಂದರೂ ಸಂಕೇತದ ಮೂಲಕ ಬಂದರೂ ಈ ಮಿತಿ ಒಂದೇ. ಈ ವಿಷಯವು ವ್ಯಾಪಾರಿಗಳಿಗೆ ಮೊದಲೇ ಮನದಟ್ಟಾಗಿದ್ದರೆ ಗಾಬರಿಯು ಅಷ್ಟು ಹರಡುತ್ತಿರಲಿಲ್ಲ.

ಪಾವತಿಯ ಸುಲಭತೆಯೇ ವಂಚಕರಿಗೂ ಅವಕಾಶವಾಗಿದೆ. ಹಣ ಸ್ವೀಕರಿಸಲು ಸಂಕೇತವನ್ನು ಸ್ಕ್ಯಾನ್ ಮಾಡುವುದಾಗಲಿ, ಪಿನ್ ನಮೂದಿಸುವುದಾಗಲಿ ಅಗತ್ಯವಿಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು. ಖಾತೆಯಿಂದ ಹಣ ಕಡಿತವಾಗಿಯೂ ಅಂಗಡಿ ಅಥವಾ ಕಚೇರಿಗೆ ಪಾವತಿಯ ದೃಢೀಕರಣ ಬಾರದಿದ್ದಲ್ಲಿ, 2019ರ ರಿಸರ್ವ್ ಬ್ಯಾಂಕ್ ನಿಯಮದಂತೆ, ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಹಣ ತಾನಾಗಿ ಮರಳಬೇಕು. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲುತ್ತದೆ. ಆದುದರಿಂದ ಅರ್ಜಿದಾರರು ವಹಿವಾಟಿನ ಸಂಖ್ಯೆಯನ್ನು ಸ್ವೀಕೃತಿ ಪತ್ರದೊಡನೆ ಕಾಯ್ದಿರಿಸಿಕೊಳ್ಳುವುದು ಸೂಕ್ತ.